ಬಾವುಟದಮ್ಮ ನೀರು ಹಾಕಿಸಿದ ಜಾಗ

ಹಳೆಯ ಬೀದಿಯ ಕೊನೆಯಲ್ಲಿ ಹೊಸ ಅಪಾರ್ಟ್‌ಮೆಂಟುಗಳು ಏಳತೊಡಗಿದಾಗ ಜಲ್ಲಿ, ಮರಳು, ಕಬ್ಬಿಣ, ಕಾಂಕ್ರೀಟು ಎಲ್ಲಕ್ಕೂ ಇದ್ದದ್ದು ಆ ಬೀದಿಯೊಂದೇ ದಾರಿ. ಲಾರಿಗಳ ಕಾಟಕ್ಕೆ ಬೀದಿಯವರು ರೊಚ್ಚಿಗೆದ್ದರು. ಗಾಡಿಗಳನ್ನು ತಡೆದು ಬಿಡಲು ನಿಮ್ಮವರೇ ಒಬ್ಬರನ್ನು ಕೊಡಿ, ಕೆಲಸ ಕೊಡುತ್ತೇವೆ ಎಂದು ಕಂಪನಿಯವರು ರಾಜಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಅವರಿವರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಅವಳ ಹೆಸರನ್ನು ಮುಂದಿಟ್ಟವಳು ಎದುರುಮನೆಯ ಟೈಲರಕ್ಕ.

"ನಮ್ಮೋಳೇ ನಿಂತ್ರೆ ಲಾರಿಯೋರು ಸ್ವಲ್ಪ ಹೆದರ್ತಾರೆ," ಎಂದಳು ಟೈಲರಕ್ಕ, ಕಂಪನಿ ಕೊಟ್ಟ ದೊಗಳೆ ಕಿತ್ತಳೆ ಕೋಟನ್ನು ಬಿಚ್ಚಿ ಅಳತೆಗೆ ಹೊಲಿಯುತ್ತ.

"ನಂಗೇ ಲಾರಿ ಕಂಡ್ರೆ ಭಯ ಕಣಕ್ಕ."

"ಅದನ್ನ ಅವರಿಗೆ ಹೇಳೋಕೆ ಹೋಗ್ಬೇಡ ಮತ್ತೆ."

ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಹಸಿರು. ಡ್ರೈವರುಗಳು ಬಾವುಟದಮ್ಮ ಎಂದು ಹೆಸರಿಟ್ಟರು, ಬೀದಿಯವರಿಗೂ ಅದೇ ಬಾಯಿಗೆ ಬಂತು. ಟೈಲರಕ್ಕನ ಗಂಡ ಮಾತ್ರ ಪೊಲೀಸಮ್ಮ ಎನ್ನುತ್ತಿದ್ದ. ಅವಳು ಅವನನ್ನು ಭಾವ ಎನ್ನುತ್ತಿದ್ದಳು. ರಕ್ತಸಂಬಂಧವೇನಿರಲಿಲ್ಲ, ಅವಳ ಮಗಳು ಬೆಳೆದದ್ದು ಆ ಮನೆಯ ಹೊಲಿಗೆ ಯಂತ್ರದ ಕಾಲಬುಡದಲ್ಲಿ, ಅಷ್ಟೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು ಈಗ ಕೆಲಸ ಬಿಟ್ಟು ಮನೆಯಲ್ಲಿದ್ದ ಆತನಿಗೆ ಶ್ವಾಸಕೋಶ ಮೊದಲೇ ಸೋತಿತ್ತು. ಗಾಳಿ ಬೇಕೆಂದು ದಿನವಿಡೀ ಜಗಲಿಯಲ್ಲೇ ಕೂರುತ್ತಿದ್ದ.

"ಪೊಲೀಸಮ್ಮ, ಅಂಗಡಿಗೆ ಹೋಗ್ಬೇಕು. ಹಸಿರು ತೋರಿಸ್ತೀಯೋ?"

"ಲೈಸೆನ್ಸ್ ಇದ್ಯಾ ಭಾವ?"

ಬೇಸಿಗೆ ಬರುತ್ತಿದ್ದಂತೆ ಆತನ ಕೆಮ್ಮು ಹೆಚ್ಚಿತು. ಧೂಳು ಅಡಗಿಸಲು ಕಂಪನಿಯ ಟ್ಯಾಂಕರು ಬೆಳಿಗ್ಗೆ ಬೀದಿಗೆ ನೀರು ಚಿಮುಕಿಸಿ ಹೋಗುತ್ತಿತ್ತು. ಬಾವುಟದಮ್ಮ ಟ್ಯಾಂಕರಿನವನನ್ನು ತಡೆದು, ಟೈಲರಕ್ಕನ ಮನೆ ಮುಂದೆ ನಿಂತು ಧಾರಾಳವಾಗಿ ಹಾಕು ಎಂದಳು.

"ಸಂಬಂಧಿಕರಾ?"

"ಅದಕ್ಕಿಂತ ಹೆಚ್ಚು. ಹಾಕು ನೀನು."

ಅವನು ಹಾಕಿದ. ಆ ಜಾಗ ಕೊಚ್ಚೆಯಾಯಿತು. ಕಟ್ಟಡದ ಕಡೆಯಿಂದ ಬರುವ ಚಕ್ರಗಳಿಗೆ ಮೆತ್ತಿಕೊಂಡ ಮಣ್ಣು, ಸಿಮೆಂಟು ಎಲ್ಲ ಆ ಹಸಿಯಲ್ಲಿ ಕಳಚಿ ಬಿತ್ತು. ಮಧ್ಯಾಹ್ನದ ಬಿಸಿಲಿಗೆ ಅದು ಒಣಗುವುದು, ಮುಂದಿನ ಲಾರಿಗಳು ಅರೆದು ಹಿಟ್ಟು ಮಾಡುವುದು, ಆ ಹಿಟ್ಟು ಏಳುವುದು ನೇರ ಜಗಲಿಯ ಮೇಲೆ. ಅವಳಿಗೆ ಇದು ಕಾಣಲಿಲ್ಲ. ಹೊತ್ತೇರಿದ ಮೇಲೆ ಅವಳ ಜಾಗ ಬೀದಿ ದೊಡ್ಡ ರಸ್ತೆಗೆ ಸೇರುವ ತಿರುವು. ಹಿಂದಕ್ಕೆ ಬರುವ ಗಾಡಿಯ ಕನ್ನಡಿಯಿಂದ ಕಣ್ಣು ಕೀಳುವಂತಿರಲಿಲ್ಲ. ಭಾವನ ಕೆಮ್ಮು ಮಾತ್ರ ಅಲ್ಲಿಯವರೆಗೂ ಕೇಳುತ್ತಿತ್ತು. ಕೆಮ್ಮು ಏರಿದಷ್ಟೂ ಅವಳು ಇನ್ನಷ್ಟು ನೀರು ಹಾಕಿಸಿದಳು.

ಒಂದು ದಿನ ಟ್ಯಾಂಕರಿಗೆ ಹೊಸಬ ಬಂದ. ಇಳಿದು ನೆಲ ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡ.

"ಯಾರಮ್ಮ ಇಲ್ಲಿ ಇಷ್ಟು ನೀರು ಹಾಕ್ಸಿದ್ದು? ಲಾರಿಗಳು ಕಾಲು ತೊಳ್ಕೊಂಡು ಹೋಗೋ ಜಾಗ ಆಗಿದೆ ಇದು. ಬೀದಿ ಧೂಳೆಲ್ಲ ಇವರ ಮನೆಗೇ ಬರೋ ಹಾಗೆ ಮಾಡಿದ್ದೀರಲ್ಲ."

ಅವಳು ಬಾವುಟ ಗೋಡೆಗೆ ಒರಗಿಸಿ, ಸಲಿಕೆ ಇಸಿದುಕೊಂಡು ಹೆಪ್ಪುಗಟ್ಟಿದ ಕೆಸರನ್ನು ಕೆರೆಯತೊಡಗಿದಳು. ಜಗಲಿಯ ಕುರ್ಚಿ ಖಾಲಿಯಿತ್ತು. ಭಾವನನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದರು. ಮತ್ತೆ ಆ ಬೀದಿಗೆ ಕರೆದೊಯ್ಯಬೇಡಿ ಎಂದರು ಡಾಕ್ಟರು. ಆತನನ್ನು ಅಲ್ಲಿಂದಲೇ ಬೇರೆ ಊರಿನ ತಮ್ಮನ ಮನೆಗೆ ಸಾಗಿಸಿದರು. ಸಾಮಾನು ಕಟ್ಟಲು ಟೈಲರಕ್ಕ ಒಬ್ಬಳೇ ಬಂದಳು.

ಬಾವುಟದಮ್ಮ ಹೊಸಿಲಲ್ಲೇ ನಿಂತಳು. "ಅಕ್ಕ, ಆ ನೀರು ಹಾಕ್ಸಿದ್ದು ನಾನು."

"ಗೊತ್ತು. ಮೊದಲಿನ ಟ್ಯಾಂಕರಿನವನು ಹೇಳ್ದ."

"ಧೂಳು ಅಡಗ್ಲಿ ಅಂತ ಹಾಕ್ಸಿದೆ ಅಕ್ಕ."

"ಅದೂ ಗೊತ್ತು." ಟೈಲರಕ್ಕ ದಾರದ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

"ಬೈದುಬಿಡು. ಎರಡು ಬಾರಿಸು ಬೇಕಾದ್ರೆ."

"ಬೇಕಂತ ಮಾಡಿದ್ರೆ ಬೈಬಹುದಿತ್ತು." ಡಬ್ಬಿಯ ಮುಚ್ಚಳ ಕೂರಲಿಲ್ಲ. ಟೈಲರಕ್ಕ ಅದನ್ನು ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು. "ನಿನ್ನ ಮುಖ ನೋಡಿದ್ರೆ ನಂಗೆ ಅವರ ಕೆಮ್ಮು ಕೇಳುತ್ತೆ ಕಣೆ. ನಾನೇನು ಮಾಡ್ಲಿ? ಫೋನೂ ಮಾಡ್ಬೇಡ ಸ್ವಲ್ಪ ದಿನ."

ಬಾವುಟದಮ್ಮ ಹೊಸಿಲಿನಿಂದ ಇಳಿದು ಬಾವುಟಗಳನ್ನು ಎತ್ತಿಕೊಂಡಳು.

ಸಾಮಾನಿನ ಲಾರಿಗೆ ಬೀದಿಯಲ್ಲಿ ತಿರುಗಲು ಜಾಗವಿರಲಿಲ್ಲ, ಹಿಂದಕ್ಕೇ ಹೋಗಬೇಕಿತ್ತು. ಅದನ್ನು ಬಿಡಿಸಿ ಕಳುಹಿಸುವುದೂ ಅವಳದೇ ಕೆಲಸ. ಹಸಿರು ಆಡಿಸುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ತಿರುವಿನವರೆಗೆ ತಂದಳು. ದೊಡ್ಡ ರಸ್ತೆ ಆಚೆ ಈಚೆ ಖಾಲಿಯಿತ್ತು. ಅವಳು ಕೆಂಪು ಎತ್ತಿದಳು.

ಲಾರಿ ನಿಂತಿತು. ಡ್ರೈವರು ತಲೆ ಹೊರಹಾಕಿ ನೋಡಿದ. "ಏನೂ ಬರ್ತಾ ಇಲ್ವಲ್ಲಮ್ಮ?"

ಅವಳು ಕೆಂಪು ಇಳಿಸಲಿಲ್ಲ.

ಡ್ರೈವರಿನ ಪಕ್ಕ ಕೂತಿದ್ದ ಟೈಲರಕ್ಕನ ದನಿ ಕೇಳಿತು. "ನಿಲ್ಸಪ್ಪ. ಅವಳು ನಿಲ್ಸು ಅಂದ್ರೆ ನಿಲ್ಸು."

ಡ್ರೈವರು ಎಂಜಿನ್ ಆರಿಸಿದ. ಕ್ಯಾಬಿನ್ನಿನ ಬಾಗಿಲು ತೆರೆದೀತೆಂದು ಅವಳು ಕಾದಳು. ಅದು ತೆರೆಯಲಿಲ್ಲ. ಬೀದಿಯ ಒಳಗಿನಿಂದ ಕಾಂಕ್ರೀಟ್ ಲಾರಿಯೊಂದು ಹಾರ್ನ್ ಹೊಡೆಯತೊಡಗಿತು. ಅವಳು ಕೆಂಪು ಇಳಿಸಿ ಹಸಿರು ಎತ್ತಿದಳು.