ಆರಿಸಬಾರದ ದೀಪ

ನನಗೆ ನನ್ನ ಭಾವನವರನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ನಾನೇನೋ ಎರಡೂ ಕಡೆ ತೂಗಿ ನ್ಯಾಯವಾಗಿ ಬರೆಯುತ್ತಿದ್ದೇನೆ ಎಂದು ಓದುವವರು ನಂಬಿಯಾರು. ನಾನು ತೂಗಿಲ್ಲ. ಅವರು ನನ್ನ ಗಂಡನ ಅಣ್ಣ, ಮೂಲ ಧಾರವಾಡದವರು, ಈಗ ಲಂಡನ್ನಿನಲ್ಲಿದ್ದಾರೆ. ಸ್ಟ್ಯಾನ್ಮೋರ್‌ನಲ್ಲಿ ಮನೆ, ಪಾರ್ಕ್ ರಾಯಲ್‌ನಲ್ಲಿ ಗೋದಾಮು. ಪ್ರತಿ ನವೆಂಬರ್‌ನಲ್ಲಿ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟದ ಖರ್ಚು ಹೊತ್ತು, ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವವರು. ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಆದ್ದರಿಂದ ಸತ್ತವರ ಬಗ್ಗೆ ಕೆಟ್ಟದ್ದು ಆಡಿದಳು ಎಂಬ ದೋಷವೂ ನನಗೆ ತಟ್ಟುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ನಾವು ವೆಂಬ್ಲಿಯ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದೆವು. ಗಂಡ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಗುಮಾಸ್ತ. ಬೆಳಗ್ಗೆ ಏಳಕ್ಕೆ ಟ್ಯೂಬ್ ರೈಲು ಹಿಡಿದರೆ ಸಂಜೆ ಏಳಕ್ಕೆ ಮುಖ ತೋರಿಸುತ್ತಿದ್ದರು. ಮಗಳು ಶಾಲೆಗೆ ಸೇರಿದ್ದಳು. ನನ್ನ ಧಾರವಾಡದ ಬಿ.ಕಾಂ. ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಆಗಷ್ಟೇ ಇಲ್ಲಿನ ಜನ ಮನೆಯಲ್ಲಿ ಕುಳಿತು ಇಂಟರ್ನೆಟ್‌ನಲ್ಲಿ ಬೂಟಿನಿಂದ ಹಿಡಿದು ತೊಟ್ಟಿಲಿನವರೆಗೆ ಎಲ್ಲವನ್ನೂ ಮಾರಲು ಶುರು ಮಾಡಿದ್ದರು. ಅಲ್ಲಿಯವರೆಗೆ ಅಂಗಡಿಗಳಿಗೆ ಕುಕ್ಕರು ಬಾಣಲೆ ಹಾಕುತ್ತಿದ್ದ ಭಾವನವರಿಗೂ ಆ ಆಸೆ ಹುಟ್ಟಿತು. ಆದರೆ ಅವರು ಕಂಪ್ಯೂಟರ್ ಮುಟ್ಟುವವರಲ್ಲ. ಒಂದು ಭಾನುವಾರ ನಮ್ಮ ಮನೆಗೆ ಬಂದು, ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂದು ಭಾಷಣ ಮಾಡಿ, ಮಾರಾಟದ ಖಾತೆಯನ್ನು ನನ್ನ ಹೆಸರಿನಲ್ಲಿ ತೆರೆಸಿದರು. ಗಂಡ ತಲೆಯಾಡಿಸುತ್ತ ಕುಳಿತಿದ್ದರು. ನಾನು ಹಿಗ್ಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಹಿಗ್ಗಿದ್ದು ನಿಜ.

ಮಾರಬೇಕಾಗಿದ್ದದ್ದು ದೇವರ ಮುಂದಿಡುವ ಕರೆಂಟಿನ ದೀಪ. ಹಿತ್ತಾಳೆಯ ಬಣ್ಣ ಬಳಿದ ಪ್ಲಾಸ್ಟಿಕ್ ಹಣತೆ, ಅದರ ಮೇಲೆ ಜ್ವಾಲೆಯ ಆಕಾರದ ಪುಟ್ಟ ಬಲ್ಬು, ಹಿಂದೆ ವೈರು, ಪ್ಲಗ್. ಯುಗಾದಿಯ ಹೊತ್ತಿಗೆ ಪೆಟ್ಟಿಗೆಗಳು ಚೀನಾದಿಂದ ಬಂದು ಗೋದಾಮಿನ ಅರ್ಧ ಜಾಗ ತುಂಬಿದವು. ಮಗಳನ್ನು ಶಾಲೆಗೆ ಬಿಟ್ಟು ನಾನು ಬಸ್ಸು ಹತ್ತಿ ಪಾರ್ಕ್ ರಾಯಲ್‌ಗೆ ಹೋಗುತ್ತಿದ್ದೆ. ಪಕ್ಕದ ಕಟ್ಟಡದಲ್ಲಿ ಬಿಸ್ಕತ್ತು ಬೇಯುವ ವಾಸನೆ, ನಮ್ಮಲ್ಲಿ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಸೇರಿ ತಲೆ ಸಿಡಿಯುತ್ತಿತ್ತು.

ನನ್ನ ಮೊದಲ ಕೆಲಸ ಸ್ಟಿಕರ್ ಅಂಟಿಸುವುದು. ಯುರೋಪಿನಲ್ಲಿ ಮಾರುವ ಕರೆಂಟಿನ ಸಾಮಾನಿನ ಮೇಲೆ ಸಿಇ ಎಂಬ ಗುರುತು ಇರಬೇಕು. ಸಾಮಾನು ಸುರಕ್ಷಿತ, ಅದನ್ನು ಪರೀಕ್ಷಿಸಿ ಕಾಗದಪತ್ರ ಇಟ್ಟಿದ್ದೇವೆ, ಹೊಣೆ ನಮ್ಮದು ಎಂದು ಮಾಡಿದವನು ಕೊಡುವ ಮಾತು ಅದು. ನಮ್ಮ ದೀಪಗಳ ಮೇಲೆ ಆ ಗುರುತು ಇರಲಿಲ್ಲ. ಭಾವನವರು ಯಾವುದೋ ಪ್ರಿಂಟಿಂಗ್ ಅಂಗಡಿಯಲ್ಲಿ ಅದನ್ನು ಸುರುಳಿಗಟ್ಟಲೆ ಅಚ್ಚು ಹಾಕಿಸಿ ತಂದಿದ್ದರು. ಇದನ್ನು ಪರೀಕ್ಷೆ ಮಾಡಿದವರು ಯಾರು ಎಂದು ಒಮ್ಮೆ ಕೇಳಿದೆ. ಕಾರ್ಖಾನೆಯವರು ಮಾಡಿರುತ್ತಾರೆ, ಸ್ಟಿಕರ್ ಮಾತ್ರ ಮರೆತಿದ್ದಾರೆ, ನೀನು ಅಂಟಿಸು ಎಂದರು. ಕುಂಕುಮ ಹಚ್ಚಿದಷ್ಟೇ ಸಲೀಸಾಗಿ ಒಂದೊಂದು ದೀಪದ ಬುಡಕ್ಕೂ ಅಂಟಿಸುತ್ತ ಹೋದೆ.

ಎರಡನೆಯ ಕೆಲಸ ಜಾಹೀರಾತು ಬರೆಯುವುದು. ಇಲ್ಲಿ ನನ್ನ ಜಾಣತನ ಕೆಲಸ ಮಾಡಿತು. ಈ ಊರಿನ ಫ್ಲ್ಯಾಟುಗಳಲ್ಲಿ ಎಣ್ಣೆಯ ದೀಪ ಹಚ್ಚಿದರೆ ಹೊಗೆಯ ಅಲಾರಂ ಬೊಬ್ಬಿಡುತ್ತದೆ. ಬಾಡಿಗೆಯ ಕರಾರಿನಲ್ಲೇ ಬೆಂಕಿ ಕೂಡದು ಎಂದು ಬರೆದಿರುತ್ತದೆ. ಹತ್ತು ನಿಮಿಷ ಹಚ್ಚಿ, ಕೈಮುಗಿದು, ಗಡಿಬಿಡಿಯಲ್ಲಿ ಶಾಂತ ಮಾಡುವುದೇ ನಮ್ಮವರ ಪಾಡು. ನನ್ನ ತವರಿನಲ್ಲಿ ನಂದಾದೀಪವಿತ್ತು. ದೇವರ ಮುಂದಿನ ದೀಪವನ್ನು ಆರಿಸು ಎನ್ನುವ ಮಾತನ್ನೇ ಅಲ್ಲಿ ಆಡುತ್ತಿರಲಿಲ್ಲ. ಎಲ್ಲರ ಮನಸ್ಸಿನಲ್ಲಿರುವ ಆ ಆಸೆ ನನಗೆ ಗೊತ್ತಿತ್ತು. ಆದ್ದರಿಂದ ಇಂಗ್ಲಿಷಿನಲ್ಲಿ ಬರೆದೆ: ಹಗಲೂ ರಾತ್ರಿ ಬೆಳಗುವ ನಂದಾದೀಪ, ಎಂದೂ ಆರಿಸಬೇಕಾಗಿಲ್ಲ. ಭಾವನವರಿಗೆ ಓದಿ ಹೇಳಿದಾಗ ಅವರ ಮುಖ ಅರಳಿತು.

ದೀಪಗಳು ಹೋದವು ನೋಡಿ. ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಸೌತ್‌ಹಾಲ್. ಗುಜರಾತಿಗಳು, ತಮಿಳರು, ನಮ್ಮವರು. ಭಾವನವರು ಮೊದಲನೆಯ ಪೆಟ್ಟಿಗೆಯ ಮೊದಲನೆಯ ದೀಪವನ್ನು ತಮ್ಮ ತಾಯಿಗೇ ಕೊಟ್ಟಿದ್ದರು. ನನ್ನ ಅತ್ತೆ ಅವರ ಮನೆಯಲ್ಲೇ ಇದ್ದರು. ಸ್ಟ್ಯಾನ್ಮೋರ್‌ಗೆ ಹೋದಾಗಲೆಲ್ಲ ದೇವರ ಕಪಾಟಿನೊಳಗೆ ಹೂವಿನ ಮರೆಯಲ್ಲಿ ಬೆಳಕು ಮಿನುಗುವುದನ್ನು ಕಂಡು, ತಾಯಿಯ ಮುಂದೆ ಇಟ್ಟಿದ್ದಾರೆ ಎಂದರೆ ಸಾಮಾನು ಸರಿಯಾಗಿಯೇ ಇರಬೇಕು ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ದೀಪಾವಳಿಯ ಹಿಂದಿನ ಮೂರು ವಾರ ನನಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಪೋಸ್ಟ್ ಆಫೀಸಿನವಳು ನನ್ನನ್ನು ಕಂಡರೆ ನಿಟ್ಟುಸಿರು ಬಿಡುತ್ತಿದ್ದಳು.

ಹಬ್ಬ ಕಳೆದು ವಾರವಾಗಿತ್ತು. ಲೆಸ್ಟರ್‌ನ ಒಬ್ಬ ಹೆಂಗಸು ಫೋಟೊ ಕಳಿಸಿದಳು. ಹಣತೆ ಕರಗಿ ಮುದ್ದೆಯಾಗಿತ್ತು, ಅದರ ಕೆಳಗಿನ ಮರದ ಹಲಗೆ ಕಪ್ಪಾಗಿತ್ತು, ಹಿಂದೆ ದೇವರ ಪಟದ ಒಂದು ಮೂಲೆ ಸುಟ್ಟಿತ್ತು. ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ ಆದದ್ದು; ಅವಳ ಮಾವ ಪಾರ್ಕಿನಿಂದ ಸ್ವಲ್ಪ ಬೇಗ ಮನೆಗೆ ಬಂದದ್ದರಿಂದ ಅಷ್ಟಕ್ಕೇ ನಿಂತಿತು. ಅವಳು ಬೈದಿರಲಿಲ್ಲ. ಎಂದೂ ಆರಿಸಬೇಕಾಗಿಲ್ಲ ಎಂದು ನೀವೇ ಬರೆದಿದ್ದಿರಲ್ಲ ಎಂದಷ್ಟೇ ಕೇಳಿದ್ದಳು. ಅಂಥ ದೀಪ ಎಷ್ಟು ಮನೆಗಳಲ್ಲಿ ಆ ಗಳಿಗೆಯಲ್ಲಿ ಉರಿಯುತ್ತಿದೆ, ಎಷ್ಟು ಮನೆಗಳಲ್ಲಿ ಯಾರೂ ಇಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅವಳ ದೂರು ಮುಟ್ಟಿ ಮರುವಾರ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನಿಂದ ಪತ್ರ ಬಂತು, ನನ್ನ ಹೆಸರಿಗೆ. ಮಾರುವ ಸಾಮಾನುಗಳ ಸುರಕ್ಷತೆ ನೋಡುವ ವಿಭಾಗದ್ದು. ಅಧಿಕಾರಿಯೊಬ್ಬರು ಗೋದಾಮಿಗೆ ಬರುತ್ತಾರೆ, ಪರೀಕ್ಷೆಯ ಕಾಗದಗಳನ್ನು ತೋರಿಸಬೇಕು ಎಂದಿತ್ತು. ಭಾವನವರು ಗಾಬರಿಯಾಗಲಿಲ್ಲ. ಕಾರ್ಖಾನೆಯಿಂದ ತರಿಸಿದ ಒಂದು ಕಟ್ಟು ಜೆರಾಕ್ಸನ್ನು ನನ್ನ ಕೈಗಿಟ್ಟು, ಕಾಗದ ಇದೆ, ಆಕೆ ತಪ್ಪಾಗಿ ಬಳಸಿದ್ದಾಳೆ ಎಂದು ಬರೆದುಕೊಡು ಎಂದರು. ನಾನು ಅದನ್ನು ಬಸ್ಸಿನಲ್ಲಿ ಓದಿದೆ. ಬಹುಶಃ ಆ ಕಟ್ಟನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವಳು ನಾನೊಬ್ಬಳೇ. ಅದರಲ್ಲಿದ್ದ ಚಿತ್ರ ನಮ್ಮ ಹಣತೆಯದಲ್ಲ. ಇಲ್ಲಿಯವರು ಡಿಸೆಂಬರ್‌ನಲ್ಲಿ ಕಿಟಕಿಯಲ್ಲಿಟ್ಟು, ಹಬ್ಬ ಮುಗಿದ ಮೇಲೆ ಅಟ್ಟಕ್ಕೆ ಹಾಕುತ್ತಾರಲ್ಲ, ಆ ಕ್ರಿಸ್‌ಮಸ್ ಮೇಣದಬತ್ತಿಯ ದೀಪದ್ದು. ಕಾರ್ಖಾನೆಯವನು ಅದರ ಹೊಟ್ಟೆಯನ್ನೇ ತೆಗೆದು ಹಣತೆಯೊಳಗೆ ತುರುಕಿದ್ದ. ಒಳಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅಲಂಕಾರಕ್ಕೆ, ಸ್ವಲ್ಪ ಹೊತ್ತಿನ ಬಳಕೆಗೆ ಮಾತ್ರ, ಮಲಗುವಾಗ, ಮನೆ ಬಿಟ್ಟು ಹೋಗುವಾಗ ಆರಿಸತಕ್ಕದ್ದು.

ನನಗೆ ಮೊದಲು ನೆನಪಾದದ್ದು ಅತ್ತೆ. ಮಧ್ಯಾಹ್ನವೆಲ್ಲ ಆ ಕಪಾಟಿನ ಪಕ್ಕದ ಕುರ್ಚಿಯಲ್ಲೇ ನಿದ್ದೆ ಹೋಗುವವರು. ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯದೆ ಸ್ಟೇಷನ್ನಿಗೆ ಹೋಗಿ ಟ್ಯೂಬ್ ಹತ್ತಿದೆ, ಸ್ಟ್ಯಾನ್ಮೋರ್‌ನಲ್ಲಿ ಇಳಿದು ಏರುಹಾದಿಯುದ್ದಕ್ಕೂ ಓಡಿದಂತೆಯೇ ನಡೆದೆ. ಬಾಗಿಲು ತೆರೆದ ಅತ್ತೆಯನ್ನು ದಾಟಿ ನೇರ ದೇವರ ಕಪಾಟಿಗೆ ಹೋಗಿ ಪ್ಲಗ್ಗಿಗೆ ಕೈ ಹಾಕಿದೆ. ಅತ್ತೆ ನನ್ನ ಮುಂಗೈ ಹಿಡಿದರು.

"ದೇವರ ಮುಂದಿನ ದೀಪಕ್ಕ ಯಾಕ ಕೈ ಹಾಕ್ತಿ?"

ಇದು ಬಿಸಿಯಾಗಿ ಕರಗುತ್ತದೆ, ಬೆಂಕಿ ಹತ್ತುತ್ತದೆ ಎಂದು ಏದುಸಿರು ಬಿಡುತ್ತ ಹೇಳಿದೆ. ಅತ್ತೆ ನಕ್ಕರು.

"ಇದು ಅದಲ್ಲವಾ, ಬ್ಯಾರೆ ಅದ. ಅದರ ಬುಡ ಸುಡತಿತ್ತು. ದೊಡ್ಡಾಂವ ಅದನ್ನ ತಗದು, ಅಂಗಡ್ಯಾಗಿಂದ ತಾನ ಇದನ್ನ ತಂದು ಇಟ್ಟಾನ."

ಆಗಲೇ ಸರಿಯಾಗಿ ನೋಡಿದೆ. ಅದು ಯಾವುದೋ ಒಳ್ಳೆಯ ಅಂಗಡಿಯ, ಮಕ್ಕಳ ಕೋಣೆಯಲ್ಲಿಡುವ ಸಣ್ಣ ರಾತ್ರಿದೀಪ. ಮುಟ್ಟಿದರೆ ತಣ್ಣಗಿತ್ತು. ಯಾವಾಗ ಬದಲಿಸಿದರು ಎಂದು ಕೇಳಿದೆ. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು.

"ಶ್ರಾವಣದಾಗ. ಎರಡನೇ ಸೋಮವಾರ."

ಶ್ರಾವಣ ಕಳೆದು ಎರಡು ತಿಂಗಳಿಗೆ ದೀಪಾವಳಿ. ನಾನು ಪೋಸ್ಟ್ ಆಫೀಸಿಗೆ ಹೊತ್ತ ಚೀಲಗಳಲ್ಲಿ ಹೆಚ್ಚಿನವು ಆ ಸೋಮವಾರದ ಆಮೇಲಿನವು. ಅತ್ತೆ ಚಹಾ ಕುಡಿದು ಹೋಗು ಎಂದರು. ಕುಡಿದೆ. ಎದ್ದು ಬಂದಿದ್ದರೆ ಅವರಿಗೆ ಕಾರಣ ಹೇಳಬೇಕಾಗುತ್ತಿತ್ತು.

ರಾತ್ರಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅಣ್ಣನಿಗೆ ಎದುರಾಡಬೇಡ, ಅವನು ಏನಾದರೂ ದಾರಿ ನೋಡುತ್ತಾನೆ ಎಂದು ಹೇಳಿ ಮಗ್ಗುಲಾದರು. ಆ ಹೊತ್ತಿನಲ್ಲಿ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬೆಳಗ್ಗೆ ಗೋದಾಮಿಗೆ ಹೋದಾಗ ಭಾವನವರು ಉಳಿದ ದೀಪಗಳ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದರು. ಅಧಿಕಾರಿ ಬರುವ ಮೊದಲೇ ಅವನ್ನು ಬೇರೆ ಕಡೆ ಸಾಗಿಸುವ ಅವಸರ.

"ಶ್ರಾವಣದಾಗ ಅತ್ತೀ ದೀಪ ಯಾಕ ಬದಲ್ ಮಾಡಿದ್ರಿ?" ಎಂದೆ.

ಅವರು ತಲೆ ಎತ್ತಲಿಲ್ಲ. "ಬುಡ ಬಿಸಿ ಆಗತಿತ್ತು. ಮನ್ಯಾಗ ಅವ್ವ ಇರ್ತಾಳ."

"ತಗೊಂಡವರ ಮನ್ಯಾಗ ಯಾರೂ ಇರೂದಿಲ್ಲೇನ್ರಿ?"

ಟೇಪ್ ಹರಿದು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಆಮೇಲೆ ನನ್ನ ಮುಖ ನೋಡಿದರು. "ನೋಡವಾ, ಬರದಾಕಿ ನೀನು. ಖಾತೆ ನಿಂದು. ನಾ ಎಲ್ಲೂ ಏನೂ ಬರದಿಲ್ಲ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಮೇಕೆಯೂ ಒಂದು ಬಾಯಿ ತಿಂದಿತ್ತು, ಅದೇ ಕಷ್ಟ. ಅಲ್ಲಿದ್ದ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೇರ ಕೌನ್ಸಿಲ್ ಆಫೀಸಿಗೆ ಹೋದೆ. ಅಧಿಕಾರಿ ಐವತ್ತರ ಒಬ್ಬ ಹೆಂಗಸು, ಒಂದೂ ಹೆಚ್ಚಿನ ಮಾತಿಲ್ಲ. ಸ್ಕ್ರೂಡ್ರೈವರ್ ತೆಗೆದು ಒಂದು ದೀಪದ ಪ್ಲಗ್ ಬಿಚ್ಚಿದಳು. ಈ ದೇಶದ ಪ್ಲಗ್ಗಿನೊಳಗೆ ಫ್ಯೂಸ್ ಇರಬೇಕು, ವೈರು ಕಾದರೆ ಅದು ಕಡಿದುಹೋಗಿ ಕರೆಂಟು ನಿಲ್ಲುತ್ತದೆ. ಆ ಜಾಗದಲ್ಲಿ ಒಂದು ತಗಡಿನ ಚೂರಿತ್ತು. ಸ್ಟಿಕರ್ ಅಂಟಿಸಿದವರು ಯಾರು ಎಂದು ಕೇಳಿದಳು. ನಾನು ಎಂದೆ. ಜಾಹೀರಾತಿನ ಆ ಸಾಲು ಬರೆದವರು ಯಾರು ಎಂದು ಕೇಳಿದಳು. ಅದಕ್ಕೂ ನಾನು ಎಂದೆ. ಸಾಮಾನು ಯಾರದು ಎಂದಾಗ ಭಾವನವರ ಹೆಸರು, ಗೋದಾಮಿನ ವಿಳಾಸ, ಶ್ರಾವಣದ ಸೋಮವಾರ, ಎಲ್ಲವನ್ನೂ ಹೇಳಿದೆ. ಶ್ರಾವಣ ಎಂದರೇನು ಎಂದು ವಿವರಿಸಬೇಕಾಯಿತು. ಅವಳು ಬರೆದುಕೊಂಡಳು.

ಅಲ್ಲಿಂದ ಬಂದು ನಾಲ್ಕು ದಿನ ಕುಳಿತು ಕೊಂಡವರೆಲ್ಲರಿಗೂ ಒಬ್ಬೊಬ್ಬರಿಗೇ ಬರೆದೆ. ದೀಪವನ್ನು ಈಗಲೇ ಆರಿಸಿ, ಪ್ಲಗ್ ಕಿತ್ತು ಹೊರಗೆ ಹಾಕಿ, ನಾನು ಬರೆದದ್ದು ತಪ್ಪು ಎಂದು. ಸುಮಾರು ಜನ ಉತ್ತರಿಸಿದರು. ಕೆಲವರು ಬೈದರು. ಸೌತ್‌ಹಾಲ್‌ನ ಮುದುಕರೊಬ್ಬರು ಫೋನ್ ಮಾಡಿ, ಆರಿಸಿದ್ದೇನಮ್ಮ, ಆದರೆ ಹೆಂಡತಿ ಸತ್ತ ದಿನದಿಂದ ಉರಿಯುತ್ತಿತ್ತು, ನನ್ನ ಕೈಯಿಂದಲೇ ಆರಿಸುವಂತೆ ಮಾಡಿದೆಯಲ್ಲ ಎಂದರು. ಅನೇಕರು ಉತ್ತರಿಸಲೇ ಇಲ್ಲ. ಆ ಮನೆಗಳಲ್ಲಿ ಏನಾಯಿತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಕೌನ್ಸಿಲ್‌ನವರು ಉಳಿದ ದೀಪಗಳನ್ನು ಹೊತ್ತುಕೊಂಡು ಹೋದರು. ಎಚ್ಚರಿಕೆಯ ಪತ್ರ ನಮ್ಮಿಬ್ಬರಿಗೂ ಬಂತು. ಮನೆಯ ಮಾತನ್ನು ಸರ್ಕಾರಕ್ಕೆ ಮುಟ್ಟಿಸಿದವಳು ಎಂದು ಸ್ಟ್ಯಾನ್ಮೋರ್‌ನ ಬಾಗಿಲು ನನಗೆ ಮುಚ್ಚಿತು. ಅತ್ತೆ ತೀರಿಕೊಂಡಾಗ ಬಾಗಿಲ ಹೊರಗೆ ನಿಂತು ಬಂದೆ. ಭಾವನವರು ಈಗಲೂ ವೇದಿಕೆ ಹತ್ತುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ. ದೀಪದ ಮಾತು ಬಂದರೆ, ಎಂದೂ ಆರಿಸಬೇಕಾಗಿಲ್ಲ ಎಂದು ಬರೆದವಳು ನನ್ನ ತಮ್ಮನ ಹೆಂಡತಿ ಎಂದು ನಾಲ್ಕು ಜನರ ಮುಂದೆ ಹೇಳುತ್ತಾರಂತೆ. ಆ ಮನುಷ್ಯನ ಬಾಯಿಂದ ಹೊರಟ ಮಾತುಗಳಲ್ಲಿ ನಾನು ಸುಳ್ಳೆನ್ನಲಾಗದ್ದು ಅದೊಂದೇ.