ಹಗೇವಿಗೆ ಧುಮುಕಿದ ಅಪ್ಪ

ಬೆಳಿಗ್ಗೆ ಹಳೆಯ ರಾಗಿ ಮೂಟೆ ಬಿಚ್ಚಿದೆ. ಆ ಮುಗ್ಗಲು ವಾಸನೆ ರಾಯಕೋಟೆ ಹತ್ತಿರದ ನಮ್ಮೂರಿನ ಅಂಗಳಕ್ಕೆ ನನ್ನನ್ನು ಎಳೆದೊಯ್ದಿತು. ಹಿರಿಯರೆದುರು ಹೆತ್ತ ಮಗುವನ್ನು ಎತ್ತಿಕೊಳ್ಳುವುದು ಆಗ ನಾಚಿಕೆಯ ವಿಷಯ. ತಾತನೆದುರು ಅಪ್ಪ ನನ್ನ ಹೆಸರು ಹಿಡಿದೂ ಕರೆಯುತ್ತಿರಲಿಲ್ಲ.

ಒಂದು ದಿನ ರಾಗಿ ತೆಗೆಯಲು ನೆಲದೊಳಗಿನ ಹಗೇವಿನ ಬಾಯಿ ತೆರೆದಿದ್ದರು. ಒಳಗೆ ಕೆಟ್ಟ ಗಾಳಿ ಇದ್ದರೆ ಪ್ರಾಣಕ್ಕೇ ಅಪಾಯ ಎಂದು ಮೊದಲು ದೀಪ ಇಳಿಬಿಟ್ಟು, ಅದು ಆರುತ್ತದೇನೋ ಎಂದು ನೋಡುತ್ತಿದ್ದರು. ತಾತ ದೀಪ ಹಚ್ಚುವಷ್ಟರಲ್ಲಿ, ಇಣುಕುತ್ತಿದ್ದ ನಾನು ಜಾರಿ ಒಳಗೆ ಬಿದ್ದೆ. ಬಿದ್ದದ್ದು ರಾಗಿಯ ಮೇಲೆಯೇ, ಆದರೂ ಉಸಿರು ಕಟ್ಟಿ ತಲೆ ತಿರುಗಿತು.

"ಇಳೀಬ್ಯಾಡ ಕಣ್ಲಾ, ನೀನೂ ಸತ್ತೋಯ್ತೀಯ!" ತಾತ ಕಿರುಚಿದ.

"ನನ್ ಮಗ್ಳು ಒಳಗವ್ಳೆ, ಬುಡಪ್ಪಾ!" ಎಂದು ಅಪ್ಪ ಧುಮುಕಿಯೇಬಿಟ್ಟ.

ಚಿಕ್ಕಪ್ಪ ಹಗ್ಗ ಬಿಟ್ಟು ಇಬ್ಬರನ್ನೂ ಮೇಲೆಳೆದ. ಅಪ್ಪ ಅಂಗಳದಲ್ಲೇ ಕುಸಿದು, ನನ್ನನ್ನು ಎದೆಗೆ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಬಿದ್ದಾಗಲೂ ಅಳದ ನಾನು ಅದನ್ನು ಕಂಡು ದಂಗಾಗಿಹೋದೆ. ಅಪ್ಪನಿಗೆ ಅಳು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ತಾತ ನಮಗೆ ಬೆನ್ನು ಮಾಡಿ ನಿಂತ.

ಮರುದಿನದಿಂದ ಅಪ್ಪ ಮತ್ತೆ ಮೊದಲಿನಂತೆಯೇ ಆದ.

ಈಗ ಮೊಮ್ಮಗ ತನ್ನ ಮಗಳನ್ನು ಹೆಗಲೇರಿಸಿಕೊಂಡು ನನ್ನೆದುರೇ ಕುಣಿಯುತ್ತಾನೆ. ಇನ್ನೂ ಸ್ವಲ್ಪ ಹೊತ್ತು ಕುಣಿಯಲಿ ಅನ್ನಿಸುತ್ತದೆ.