ಮೇಲಿನ ಮನೆಯ ಅಂಪೈರ್

ಅವರ ಬಲಗೈಯ ಕಿರುಬೆರಳು ಸೊಟ್ಟಗಾಗಿ ಹೊರಕ್ಕೆ ತಿರುಗಿಕೊಂಡಿತ್ತು. ಕಾಫಿ ಲೋಟ ಹಿಡಿದರೆ ಅದೊಂದೇ ಬೇರೆ ದಿಕ್ಕು ನೋಡುತ್ತಿತ್ತು. ಬೇಸ್‌ಬಾಲ್ ಚೆಂಡು ಬಡಿದು ಮುರಿದದ್ದು. "ಯುದ್ಧದಲ್ಲಿ ಆಯ್ತಾ ಅಂತ ಎಲ್ಲರೂ ಕೇಳ್ತಾರೆ. ಹೌದು ಅಂದುಬಿಡ್ತೇನೆ. ಆಟ ವಿವರಿಸೋದಕ್ಕಿಂತ ಅದು ಸುಲಭ," ಎನ್ನುತ್ತಿದ್ದರು.

ದೆಹಲಿಯ ಲೋಧಿ ಕಾಲೋನಿಯಲ್ಲಿ ನಮ್ಮ ಮೇಲಿನ ಮನೆ ಅವರದು. ಕೊಡಗಿನವರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ, ಸರ್ಕಾರಿ ಕೆಲಸದಲ್ಲಿದ್ದ ಮಗಳ ಜೊತೆ ಇದ್ದರು. ಸೈನ್ಯದಲ್ಲಿದ್ದಾಗ ಹತ್ತಿದ ಬೇಸ್‌ಬಾಲ್ ಹುಚ್ಚು ಬಿಟ್ಟಿರಲಿಲ್ಲ. ರಜಾದಿನಗಳಲ್ಲಿ ಕಾಲೇಜು ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತಿದ್ದರು. ತರಕಾರಿ ಭಯ್ಯಾ ತೂಗುವಾಗಲೂ ಮೊಣಕಾಲು ಮಡಿಸಿ, ಕಣ್ಣನ್ನು ತಕ್ಕಡಿಯ ಮಟ್ಟಕ್ಕೆ ತಂದು ನೋಡುತ್ತಿದ್ದರು. ನಾವೆಲ್ಲ ಅಂಕಲ್ ಎಂದೇ ಕರೆಯುತ್ತಿದ್ದೆವು.

ನಮ್ಮ ಮದುವೆಯಾದ ನಾಲ್ಕನೇ ವರ್ಷ, ಐದು ತಿಂಗಳು ತುಂಬಿದ್ದಾಗ ನನಗೆ ಗರ್ಭಪಾತವಾಯಿತು. ಸ್ವಲ್ಪ ದಿನಕ್ಕೇ ಓಖ್ಲಾದ ಗಾರ್ಮೆಂಟ್ ಕಾರ್ಖಾನೆಗೆ ಮರಳಿದೆ. ದಿನವಿಡೀ ನಿಂತು ಅಂಗಿಗಳ ಹೊಲಿಗೆ ನೋಡಿ, ಬಸ್ಸಿನಲ್ಲೂ ನಿಂತೇ ಬಂದು, ಅಕ್ಕಿ ತೊಳೆಯುತ್ತಾ ನಲ್ಲಿ ನಿಲ್ಲಿಸುವುದನ್ನೇ ಮರೆಯುತ್ತಿದ್ದೆ. ಗಂಡ ಆಫೀಸಿನಿಂದ ಬಂದು ಟೀವಿ ಮುಂದೆ ಕೂರುತ್ತಿದ್ದ. ಹಾಲು ಬಂತಾ, ಗ್ಯಾಸ್ ಬುಕ್ ಆಯ್ತಾ, ಇಷ್ಟೇ ನಮ್ಮ ಮಾತು.

ಒಂದು ಶನಿವಾರ ಅಂಕಲ್ ಬಾಗಿಲಲ್ಲಿ ನಿಂತು, "ನಾಳೆ ಸಂಜೆ ಗ್ರೇಟರ್ ನೋಯ್ಡಾದಲ್ಲಿ ಮ್ಯಾಚಿದೆ. ನನ್ನ ಕಾರಲ್ಲೇ ಇಬ್ಬರೂ ಬನ್ನಿ," ಎಂದರು.

"ನಮಗೆ ಆ ಆಟ ಗೊತ್ತಿಲ್ಲ ಅಂಕಲ್. ಸುಸ್ತು ಬೇರೆ."

"ಗೊತ್ತಿರಬೇಕಾಗಿಲ್ಲ ಮಗಳೇ. ಇಲ್ಲಿ ಸುಸ್ತಾಗಿ ಕೂರೋ ಬದಲು ಅಲ್ಲಿ ಕೂರಿ. ಗಾಳಿಯಾದರೂ ಬರುತ್ತೆ."

ಬೇಡ ಎನ್ನುವುದಕ್ಕೂ ಶಕ್ತಿ ಬೇಕು. ಹೋದೆವು.

ಕಾಲೇಜು ಮೈದಾನದ ಸಿಮೆಂಟ್ ಮೆಟ್ಟಿಲಿನ ಮೇಲೆ, ನಡುವೆ ಕಡಲೆಕಾಯಿ ಪೊಟ್ಟಣ ಇಟ್ಟುಕೊಂಡು ಕೂತೆವು. ದೊಡ್ಡ ದೀಪಗಳ ಕೆಳಗೆ ಅಂಕಲ್ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು, ಏಳುತ್ತಾ ಕುಕ್ಕರಿಸುತ್ತಾ ಎರಡು ಗಂಟೆ ಕಳೆದರು. ನನಗೆ ಆಕಳಿಕೆ ಬರುತ್ತಿತ್ತು. ಕೊನೆಗೆ ಹೊರಗಿನ ತಂಡದ ಆಟಗಾರನೊಬ್ಬ ಓಡಿಬಂದು ಧೂಳಿನಲ್ಲಿ ಜಾರಿದ. ಅಂಕಲ್ ಮುಷ್ಟಿ ಎತ್ತಿ ಕೊನೆಯ ಔಟ್ ಕೊಟ್ಟರು. ಗೆದ್ದೆವೆಂದು ಅಲ್ಲಿನ ಕಾಲೇಜಿನವರೆಲ್ಲ ಮೈದಾನಕ್ಕೆ ನುಗ್ಗಿದರು.

ಅಂಕಲ್ ಮಾತ್ರ ಜಾಲರಿ ತೆಗೆದು, ಇನ್ನೊಬ್ಬ ಅಂಪೈರ್ ಹತ್ತಿರ ಹೋಗಿ ಏನೋ ಕೇಳಿದರು. ಮರಳಿ ಬಂದು, ಔಟಲ್ಲ ಎಂದು ಎರಡೂ ಕೈ ಅಗಲಿಸಿದರು. "ಚೆಂಡು ಹಿಡಿದವನ ಕೈಯಿಂದ ಜಾರಿತ್ತು. ನಾನು ಸರಿಯಾಗಿ ನೋಡಲಿಲ್ಲ. ತಪ್ಪು ನನ್ನದು," ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದರು. ಮುದುಕ, ಮನೆಗೆ ಹೋಗು ಎಂದು ಯಾರೋ ಕೂಗಿದರು. ಖಾಲಿ ಬಾಟಲಿಯೊಂದು ಅವರ ಕಾಲ ಬಳಿ ಬಂದು ಬಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಕುಕ್ಕರಿಸಿದರು. ಗೆದ್ದೆವೆಂದು ಕುಣಿದವರು ಪಂದ್ಯ ಸೋತರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಗಂಡ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: "ಆ ದಿನ ನಾನು ಆಸ್ಪತ್ರೆಗೆ ಬರಬೇಕಿತ್ತು. ಮೀಟಿಂಗ್ ಇತ್ತು ಅಂದದ್ದು ಸುಳ್ಳು. ಹೆದರಿ ಆಫೀಸಲ್ಲೇ ಕೂತಿದ್ದೆ."

"ಆಸ್ಪತ್ರೆ ಕಾಗದಕ್ಕೆ ನಾನೊಬ್ಬಳೇ ಸಹಿ ಹಾಕಿದೆ," ಅಂದೆ.

"ಗೊತ್ತು."

ನಾನು ಅವನ ಕೈ ಹಿಡಿಯಲಿಲ್ಲ. ಆದರೆ ಮನೆ ಬರುವವರೆಗೂ ಮಾತಾಡಿದೆವು. ಎಷ್ಟೋ ತಿಂಗಳ ಸಿಟ್ಟು, ಅಳು ಎಲ್ಲ ಆ ಕಾರಿನಲ್ಲೇ ಹೊರಬಂತು. ಕಾರು ಓಡಿಸುತ್ತಿದ್ದ ಅಂಕಲ್ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲಿ ಕೂತು, ಇಷ್ಟು ವರ್ಷ ಬಾಯಿಗೆ ಬರದಿದ್ದದ್ದನ್ನು ಹೇಳಿದೆ: "ಅಂಕಲ್, ಆವತ್ತು ಮ್ಯಾಚಿಗೆ ಕರ್ಕೊಂಡು ಹೋಗದಿದ್ರೆ ನಾವಿಬ್ಬರೂ ಜೊತೆಗೆ ಉಳೀತಿರಲಿಲ್ಲ."

ಅವರು ಆಮ್ಲಜನಕದ ಮಾಸ್ಕ್ ಸ್ವಲ್ಪ ಸರಿಸಿದರು. "ಗ್ರೇಟರ್ ನೋಯ್ಡಾದ್ದಾ? ಬಹಳ ಕೆಟ್ಟ ಮ್ಯಾಚ್ ಮಾರಾಯ್ತಿ ಅದು," ಎಂದು ಕಣ್ಣು ಮುಚ್ಚಿದರು.

ಮೂರನೇ ದಿನ ಹೋಗಿಬಿಟ್ಟರು. ಕಾರಿನಲ್ಲಿ ನಾವಾಡಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.